1610ರಲ್ಲಿ ವ್ಲಾದಿಸ್ಲಾವ್ ಮಾಸ್ಕೋಗೆ ಬಂದಿದ್ದರೆ? ರಷ್ಯಾದ ಸಿಂಹಾಸನ ಮತ್ತು ವಾಸಾ ದಾಯಾದಿಗಳು

ಕಾಲರೇಖೆ:
ರಷ್ಯಾದ ‘ಗೊಂದಲದ ಕಾಲ’ವನ್ನು ಹಿಡಿದು ಒಂದು ಪರ್ಯಾಯ ಇತಿಹಾಸ ಕಟ್ಟುತ್ತಿದ್ದೇನೆ. ಮೊದಲ ಕರಡು ಇಲ್ಲಿದೆ. ಎಲ್ಲಿ ಸಡಿಲ ಅನ್ನಿಸುತ್ತದೋ ಮುಲಾಜಿಲ್ಲದೆ ಹೇಳಿ.

ಹಿನ್ನೆಲೆ ಚುಟುಕಾಗಿ. ಮಾಸ್ಕೋದ ರೂರಿಕ್ ವಂಶ 1598ರ ಜನವರಿಯಲ್ಲಿ ತ್ಸಾರ್ ಫ್ಯೋದೊರ್ ಇವಾನೊವಿಚ್ ಮಕ್ಕಳಿಲ್ಲದೆ ಸತ್ತಾಗ ನಿಂತುಹೋಯಿತು. ಆಮೇಲೆ ಪಟ್ಟಕ್ಕೆ ಬಂದವನು ಅವನ ಹೆಂಡತಿಯ ಅಣ್ಣ ಬೊರಿಸ್ ಗೊದುನೊವ್. ಅವನು 1605ರಲ್ಲಿ ಸತ್ತ, ಮಗನನ್ನು ಎರಡೇ ತಿಂಗಳಲ್ಲಿ ಕೊಂದರು. 1591ರಲ್ಲಿ ಉಗ್ಲಿಚ್‌ನಲ್ಲಿ ಸತ್ತಿದ್ದ ರಾಜಕುಮಾರ ದ್ಮಿತ್ರಿ ತಾನೇ ಎಂದು ಪೋಲೆಂಡಿನ ಕಡೆಯಿಂದ ಬಂದವನು ಹನ್ನೊಂದು ತಿಂಗಳು ಆಳಿದ. ಅವನನ್ನು ಮುಗಿಸಿ ವಸೀಲಿ ಶೂಯ್‌ಸ್ಕಿ ತ್ಸಾರ್ ಆದ. 1610ರ ಜುಲೈ 17ಕ್ಕೆ ಅವನನ್ನೂ ಇಳಿಸಿ, ತಲೆ ಬೋಳಿಸಿ ಸನ್ಯಾಸಿ ಮಾಡಿದರು. ಅಧಿಕಾರ ಏಳು ಬೊಯಾರರ (ರಷ್ಯಾದ ಮೇಲ್ದರ್ಜೆಯ ಕುಲೀನರ) ಕೂಟದ ಕೈಗೆ ಬಂತು.

ತಿರುವು ಅದೇ ವರ್ಷದ ಆಗಸ್ಟ್ 17. ಅಂದು ಬೊಯಾರರು ಪೋಲೆಂಡಿನ ಹೆತ್ಮನ್ (ಸೇನಾಪತಿ) ಝೋಲ್ಕೆವ್‌ಸ್ಕಿ ಜೊತೆ ಒಪ್ಪಂದ ಮಾಡಿಕೊಂಡು, ಪೋಲೆಂಡಿನ ರಾಜ ಮೂರನೇ ಸಿಗಿಸ್ಮಂಡನ ಮಗ ವ್ಲಾದಿಸ್ಲಾವ್‌ನನ್ನು ತ್ಸಾರ್ ಎಂದು ಆರಿಸಿ ಪ್ರಮಾಣ ಮಾಡಿದರು. ನಿಜದಲ್ಲಿ ಹುಡುಗ ಬರಲೇ ಇಲ್ಲ. ನನ್ನ ಕರಡಿನಲ್ಲಿ ಹೀಗೆ:

ಅಕ್ಟೋಬರ್ 1610: ವ್ಲಾದಿಸ್ಲಾವ್ ಆರ್ಥೊಡಾಕ್ಸ್ ದೀಕ್ಷೆ ಪಡೆದು ಮಾಸ್ಕೋ ಪ್ರವೇಶ.
ಜನವರಿ 1611: ಪಟ್ಟಾಭಿಷೇಕ.
1612–15: ಸ್ವೀಡನ್ ವಿರುದ್ಧ ಪೋಲೆಂಡ್–ರಷ್ಯಾ ಜಂಟಿ ಯುದ್ಧ, ನೊವ್ಗೊರೊದ್ ರಷ್ಯಾದಲ್ಲೇ ಉಳಿಯುತ್ತದೆ.
1632: ಅಪ್ಪ ಸತ್ತ ಮೇಲೆ ಪೋಲೆಂಡಿನ ಕಿರೀಟವೂ ವ್ಲಾದಿಸ್ಲಾವ್‌ಗೆ. ಪೊಜ್ನಾನ್‌ನಿಂದ ತೊಬೊಲ್ಸ್ಕ್‌ವರೆಗೆ ಒಬ್ಬನೇ ರಾಜ.
ರೊಮಾನೊವ್‌ಗಳು (ನಿಜದಲ್ಲಿ 1613ರಲ್ಲಿ ಪಟ್ಟಕ್ಕೆ ಬಂದವರು) ಬೊಯಾರರಾಗಿಯೇ ಉಳಿಯುತ್ತಾರೆ.

ಶಾಸನಪ್ರಿಯ:
ತಿರುವಿನ ದಿನ ಚೆನ್ನಾಗಿದೆ. ಆದರೆ ಒಪ್ಪಂದದಲ್ಲಿ ಏನಿತ್ತು ಎಂಬುದನ್ನು ಕರಡು ಮುಟ್ಟಿಯೇ ಇಲ್ಲ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ಒಪ್ಪಂದಗಳು ಎರಡು. ಮೊದಲನೆಯದು 1610ರ ಫೆಬ್ರವರಿಯದು. ತುಶಿನೊದಲ್ಲಿ ಬೀಡುಬಿಟ್ಟಿದ್ದ ಎರಡನೇ ನಕಲಿ ದ್ಮಿತ್ರಿಯನ್ನು (ತಾನೇ ಆ ರಾಜಕುಮಾರ ಎಂದು ಬಂದ ಇನ್ನೊಬ್ಬನನ್ನು) ಬಿಟ್ಟುಬಂದ ಮಿಖಾಯಿಲ್ ಸಾಲ್ತಿಕೊವ್‌ನ ಗುಂಪು ಸ್ಮೋಲೆನ್ಸ್ಕ್ ಎದುರಿನ ಶಿಬಿರದಲ್ಲಿ, ಆ ರಷ್ಯನ್ ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ ಸಿಗಿಸ್ಮಂಡನ ಜೊತೆ ನೇರ ಮಾಡಿಕೊಂಡದ್ದು. ಎರಡನೆಯದು ನೀವು ಹೇಳುವ ಆಗಸ್ಟ್‌ನದು. ಮೊದಲನೆಯದರಲ್ಲಿ ಓದಿಗಾಗಿ ಹೊರದೇಶಕ್ಕೆ ಹೋಗುವ ಸ್ವಾತಂತ್ರ್ಯ, ಕೆಳಗಿನ ಶ್ರೇಣಿಯವರನ್ನು ಯೋಗ್ಯತೆ ನೋಡಿ ಮೇಲೇರಿಸುವ ಮಾತು ಇತ್ತು. ಆಗಸ್ಟ್‌ನಲ್ಲಿ ದೊಡ್ಡ ಮನೆತನದ ಬೊಯಾರರು ಕೂತಾಗ ಈ ಎರಡನ್ನೂ ಕಿತ್ತುಹಾಕಿದರು. ಯಾರ ಹಿತಕ್ಕೆ ಎಂಬುದು ಕೇಳಬೇಕಾದ ಪ್ರಶ್ನೆಯೇ ಅಲ್ಲ.

ಆಗಸ್ಟ್ ಒಪ್ಪಂದದಲ್ಲಿ ಉಳಿದ ಮುಖ್ಯ ಅಂಶಗಳು: ಬೊಯಾರರ ಜೊತೆ ವಿಚಾರಣೆ ನಡೆಸದೆ ಯಾರಿಗೂ ಮರಣದಂಡನೆ ಇಲ್ಲ, ಅವರನ್ನು ಕೇಳದೆ ಹೊಸ ತೆರಿಗೆ ಇಲ್ಲ, ಪೋಲರಿಗೆ, ಲಿಥುವೇನಿಯದವರಿಗೆ ಆಡಳಿತದ ಹುದ್ದೆ ಇಲ್ಲ, ರೈತರು ಒಬ್ಬ ಒಡೆಯನಿಂದ ಇನ್ನೊಬ್ಬನ ಬಳಿಗೆ ಹೋಗುವಂತಿಲ್ಲ, ಕೊಸಾಕ್‌ರನ್ನು (ಗಡಿನಾಡಿನ ಸ್ವತಂತ್ರ ಸವಾರ ಯೋಧರನ್ನು) ಇಟ್ಟುಕೊಳ್ಳಬೇಕೇ ಬೇಡವೇ ಎಂಬುದನ್ನು ಬೊಯಾರರ ಜೊತೆ ಕೂತು ತೀರ್ಮಾನಿಸಬೇಕು, ಸ್ಮೋಲೆನ್ಸ್ಕ್ ಮುತ್ತಿಗೆ ತೆಗೆಯಬೇಕು. ದೀಕ್ಷೆಯ ವಿಷಯ ಮಾತ್ರ ಇತ್ಯರ್ಥವಾಗಲಿಲ್ಲ. ‘ರಾಯಭಾರಿಗಳು ಹೋಗಿ ರಾಜನ ಬಳಿ ಮಾತಾಡಲಿ’ ಎಂದು ಝೋಲ್ಕೆವ್‌ಸ್ಕಿ ಜಾಣತನದಿಂದ ಮುಂದಕ್ಕೆ ತಳ್ಳಿದ. ನಿಮ್ಮ ಕರಡು ಅದನ್ನು ಒಂದೇ ಸಾಲಿನಲ್ಲಿ ಬಗೆಹರಿಸಿದೆ.

ಆ ಸಾಲನ್ನು ಬಿಡಿಸಿ ಬರೆಯಬೇಕು. ದೀಕ್ಷೆ ಎಲ್ಲಿ, ಯಾರಿಂದ, ಹೇಗೆ? ಮಾಸ್ಕೋದ ರಾಯಭಾರಿಗಳು ಕೇಳಿದ್ದು ಸ್ಮೋಲೆನ್ಸ್ಕ್‌ನಲ್ಲೇ, ಮಾಸ್ಕೋಗೆ ಕಾಲಿಡುವ ಮೊದಲೇ ಆಗಬೇಕು ಎಂದು. ರಷ್ಯನ್ ಚರ್ಚಿನ ಮುಖ್ಯಸ್ಥ (ಪೇಟ್ರಿಯಾರ್ಕ್) ಗೆರ್ಮೊಗೆನ್ ಈ ವಿಷಯದಲ್ಲಿ ಒಂದಿಂಚೂ ಬಗ್ಗುವವನಲ್ಲ. 1606ರಲ್ಲಿ ನಕಲಿ ದ್ಮಿತ್ರಿಯ ರಾಣಿ ಮರೀನಾ ಮ್ನೀಶೆಕ್‌ಗೆ ಬರೀ ಪವಿತ್ರ ತೈಲ ಹಚ್ಚಿ ಕಿರೀಟ ಇಟ್ಟಾಗ, ಪೂರ್ತಿ ನೀರಲ್ಲಿ ಮುಳುಗಿಸಿ ಮರುದೀಕ್ಷೆ ಕೊಡಬೇಕಿತ್ತು ಎಂದು ಹಟ ಹಿಡಿದು ಮಾಸ್ಕೋದಿಂದ ಹೊರಹಾಕಿಸಿಕೊಂಡವನು ಇವನೇ. ತೈಲ ಸಾಕು ಅಂದರೆ ಗೆರ್ಮೊಗೆನ್ ಒಪ್ಪುವುದಿಲ್ಲ, ಮುಳುಗಿಸಬೇಕು ಅಂದರೆ ಸಿಗಿಸ್ಮಂಡ್ ಒಪ್ಪುವುದಿಲ್ಲ.

ಎರಡುತಲೆಹದ್ದು:
ದೀಕ್ಷೆಗಿಂತ ದೊಡ್ಡ ಗಂಟು ಅಪ್ಪ. ಹುಡುಗನಿಗೆ ಹದಿನೈದು, ಅವನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಸಿಗಿಸ್ಮಂಡ್‌ಗೆ ಆ ಸಿಂಹಾಸನ ಮಗನಿಗೆ ಬೇಕಿರಲಿಲ್ಲ, ತನಗೇ ಬೇಕಿತ್ತು.

ಸಾಕ್ಷಿ ನೋಡಿ. ಮಾಸ್ಕೋದಲ್ಲಿ ಪ್ರಮಾಣ ಮುಗಿದು ದಿನ ಕಳೆಯುವಷ್ಟರಲ್ಲಿ ಅಲೆಕ್ಸಾಂಡರ್ ಗೊಸೆವ್‌ಸ್ಕಿ ರಾಜನ ಸೂಚನೆ ಹೊತ್ತು ತಂದ: ಪ್ರಮಾಣ ನನ್ನ ಹೆಸರಲ್ಲೇ ಆಗಬೇಕು. ಇದು ಬಯಲಾದರೆ ಊರೇ ತಿರುಗಿಬೀಳುತ್ತದೆ ಎಂದು ಅವನೂ ಝೋಲ್ಕೆವ್‌ಸ್ಕಿಯೂ ಸೇರಿ ಅದನ್ನು ಮುಚ್ಚಿಟ್ಟರು. ಅಕ್ಟೋಬರ್‌ನಲ್ಲಿ ಝೋಲ್ಕೆವ್‌ಸ್ಕಿ ಮಾಸ್ಕೋ ಬಿಟ್ಟು ಸ್ಮೋಲೆನ್ಸ್ಕ್‌ಗೆ ಹೋದದ್ದೇ ರಾಜನನ್ನು ಒಪ್ಪಿಸಲು. ಒಪ್ಪಿಸಲಾಗಲಿಲ್ಲ. ಅಷ್ಟರಲ್ಲಿ ಸಿಗಿಸ್ಮಂಡ್ ಶಿಬಿರದಿಂದಲೇ ರಷ್ಯಾದ ಜಮೀನುಗಳನ್ನು ತನ್ನ ಹೆಸರಲ್ಲಿ ಹಂಚತೊಡಗಿದ್ದ; ಮಾಸ್ಕೋದ ಖಜಾನೆಗೆ ತೊಗಲು ವ್ಯಾಪಾರಿ ಫ್ಯೋದೊರ್ ಆಂದ್ರೊನೊವ್‌ನನ್ನು ಕೂರಿಸಿದ. ಮನೆತನದ ಹಿರಿತನಕ್ಕಾಗಿ ಊಟದ ಪಂಕ್ತಿಯಲ್ಲೂ ಜಗಳವಾಡುವ ಬೊಯಾರರ ನಡುವೆ ಒಬ್ಬ ವರ್ತಕ! ಅವರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ.

ರಾಯಭಾರಕ್ಕೆ ಹೋದವರ ಆಯ್ಕೆಯೂ ಕುತೂಹಲದ್ದು. ಒಬ್ಬ ವಸೀಲಿ ಗೊಲೀತ್ಸಿನ್, ಸ್ವತಃ ಪಟ್ಟಕ್ಕೆ ಹೆಸರು ಕೇಳಿಬಂದವನು. ಇನ್ನೊಬ್ಬ ಫಿಲರೇತ್, ಅಂದರೆ ಗೊದುನೊವ್ ಬಲವಂತವಾಗಿ ಸನ್ಯಾಸಿ ಮಾಡಿದ ಫ್ಯೋದೊರ್ ರೊಮಾನೊವ್, ಹದಿನಾಲ್ಕರ ಮಿಖಾಯಿಲ್‌ನ ಅಪ್ಪ. ಪೈಪೋಟಿಗೆ ನಿಲ್ಲಬಹುದಾದ ಎರಡು ಮನೆಯವರನ್ನೂ ಗೌರವದ ನೆಪದಲ್ಲಿ ಊರಾಚೆ ಕಳಿಸಿದ ಹಾಗಾಯಿತು. 1611ರ ಏಪ್ರಿಲ್‌ನಲ್ಲಿ ಇಬ್ಬರನ್ನೂ ಸೆರೆಹಿಡಿದು ಪೋಲೆಂಡಿಗೆ ಸಾಗಿಸಿದರು. ಫಿಲರೇತ್ ಮರಳಿದ್ದು 1619ರಲ್ಲಿ, ಗೊಲೀತ್ಸಿನ್ ಮರಳಲೇ ಇಲ್ಲ.

ಹಾಗಾಗಿ ‘ವ್ಲಾದಿಸ್ಲಾವ್ ಬರುತ್ತಾನೆ’ ಎಂದು ಬರೆದರೆ ಸಾಲದು, ‘ಸಿಗಿಸ್ಮಂಡ್ ಯಾಕೆ ಬಿಡುತ್ತಾನೆ’ ಎಂದು ಬರೆಯಬೇಕು. ಈಗ ನಿಮ್ಮ ತಿರುವಿಗೆ ಕಾರಣವೇ ಇಲ್ಲ.

ಕಾಲರೇಖೆ:
ಒಪ್ಪಿದೆ. ಹಾಗಾದರೆ ಸುಲಭದ ದಾರಿ: 1610ರ ಸೆಪ್ಟೆಂಬರ್‌ನಲ್ಲಿ ಸ್ಮೋಲೆನ್ಸ್ಕ್ ಶಿಬಿರದಲ್ಲಿ ಜ್ವರ ಬಂದು ಸಿಗಿಸ್ಮಂಡ್ ಸಾಯುತ್ತಾನೆ. ಶಿಬಿರಗಳಲ್ಲಿ ಜ್ವರಕ್ಕೆ ಬರವಿರಲಿಲ್ಲ.

ಎರಡುತಲೆಹದ್ದು:
ಅಪ್ಪನನ್ನು ಕೊಂದರೆ ಮಗ ಇನ್ನೂ ದೂರವಾಗುತ್ತಾನೆ. ಪೋಲೆಂಡಿನಲ್ಲಿ ರಾಜನನ್ನು ಕುಲೀನರು ಆರಿಸುತ್ತಾರೆ. ಸಿಗಿಸ್ಮಂಡ್ ಸತ್ತ ದಿನವೇ ಅಲ್ಲಿ ಸಿಂಹಾಸನ ಖಾಲಿ. ಅಭ್ಯರ್ಥಿ ಯಾರು? ಎರಡನೇ ಹೆಂಡತಿಯ ಮಗ ಯಾನ್ ಕಝೀಮಿರ್ ಹುಟ್ಟಿದ್ದು 1609ರ ಮಾರ್ಚ್‌ನಲ್ಲಿ, ಒಂದೂವರೆ ವರ್ಷದ ಕೂಸು. ಎಲ್ಲರ ಕಣ್ಣೂ ವ್ಲಾದಿಸ್ಲಾವ್ ಮೇಲೆ. ವಾರ್ಸಾದ ಕಿರೀಟ ಎದುರಿಗಿರುವಾಗ ಅವನು ಆರ್ಥೊಡಾಕ್ಸ್ ಆಗುವ ಮಾತೇ ಇಲ್ಲ. ಮಾಸ್ಕೋ ಪಟ್ಟ ಆಮೇಲೆ ನೋಡೋಣ ಅನ್ನುತ್ತಾರೆ, ಅಷ್ಟರಲ್ಲಿ ಮಾಸ್ಕೋ ಕೈಬಿಟ್ಟಿರುತ್ತದೆ.

ನಿಮ್ಮ 1632ರ ಸಾಲಿಗೂ ಇದೇ ತೊಂದರೆ. ಆರ್ಥೊಡಾಕ್ಸ್ ತ್ಸಾರ್‌ನನ್ನು ಪೋಲೆಂಡ್ ರಾಜನಾಗಿ ಆರಿಸುವುದಿಲ್ಲ. ಆ ಹೊತ್ತಿಗೆ ಯಾನ್ ಕಝೀಮಿರ್‌ಗೆ 23, ಕ್ಯಾಥೊಲಿಕ್, ಊರಲ್ಲೇ ಇದ್ದಾನೆ. ಒಂದೇ ಕಿರೀಟದಡಿ ಪೊಜ್ನಾನ್–ತೊಬೊಲ್ಸ್ಕ್ ನಕ್ಷೆ ಚೆಂದ ಕಾಣುತ್ತದೆ, ಅಷ್ಟೇ.

ಮಲೆನಾಡಿಗ:
ಒಂದು ಸಣ್ಣ ಪ್ರಶ್ನೆ. ಸ್ವೀಡನ್ನಿನ ರಾಜಕುಮಾರ ಕಾರ್ಲ್ ಫಿಲಿಪ್ ಕೂಡ ಇದೇ ಪಟ್ಟಕ್ಕೆ ನಿಂತಿದ್ದನಲ್ಲ, ಅವನಿಗೂ ವ್ಲಾದಿಸ್ಲಾವ್‌ಗೂ ಏನು ಸಂಬಂಧ? ಇಬ್ಬರೂ ವಾಸಾ ವಂಶದವರು ಅಂತ ಓದಿದ ನೆನಪು.

ಶಾಸನಪ್ರಿಯ:
ಹೌದು, ಇದು ಅಪ್ಪಟ ದಾಯಾದಿ ಜಗಳ. ಸಿಗಿಸ್ಮಂಡ್ ಮೂಲತಃ ಸ್ವೀಡನ್ನಿನವನು, ಮೂರನೇ ಯೊಹಾನನ ಮಗ. ಒಂದು ಕಾಲಕ್ಕೆ ಎರಡೂ ದೇಶಗಳ ರಾಜ. 1599ರಲ್ಲಿ ಚಿಕ್ಕಪ್ಪ ಕಾರ್ಲ್ ಅವನನ್ನು ಸ್ವೀಡನ್ನಿನ ಗದ್ದುಗೆಯಿಂದ ಇಳಿಸಿ ಮುಂದೆ ತಾನೇ ಒಂಬತ್ತನೇ ಕಾರ್ಲ್ ಆದ. ಕಾರ್ಲ್ ಫಿಲಿಪ್ ಆ ಚಿಕ್ಕಪ್ಪನ ಕಿರಿಯ ಮಗ. ಅಂದರೆ ನಮ್ಮ ಲೆಕ್ಕದಲ್ಲಿ ಅವನು ವ್ಲಾದಿಸ್ಲಾವ್‌ಗೆ ಚಿಕ್ಕಪ್ಪನಾಗಬೇಕು, ವಯಸ್ಸಿನಲ್ಲಿ ಆರು ವರ್ಷ ಚಿಕ್ಕವನು (1595 ಮತ್ತು 1601).

ಇದಕ್ಕೂ ಮೊದಲು ಮೂರನೇ ಒಬ್ಬ ವಾಸಾ ರಷ್ಯಾದಲ್ಲಿ ಓಡಾಡಿದ್ದ. ಪದಚ್ಯುತ ಹದಿನಾಲ್ಕನೇ ಎರಿಕ್‌ನ ಮಗ ಗುಸ್ತಾವ್. ಗೊದುನೊವ್ ಅವನನ್ನು 1599ರಲ್ಲಿ ಕರೆಸಿ, ಮಗಳು ಕ್ಸೇನಿಯಾಳನ್ನು ಕೊಟ್ಟು ಅಳಿಯನನ್ನಾಗಿ ಮಾಡಿಕೊಳ್ಳಲು ನೋಡಿದ. ಧರ್ಮ ಬದಲಿಸಲು ಒಪ್ಪದೆ ಗುಸ್ತಾವ್ ಉಗ್ಲಿಚ್‌ಗೆ ಸಾಗಹಾಕಿಸಿಕೊಂಡ, 1607ರಲ್ಲಿ ಕಾಶಿನ್ ಊರಲ್ಲಿ ತೀರಿಕೊಂಡ. ಮುಂದಿನ ವರ ಡೆನ್ಮಾರ್ಕಿನ ರಾಜಕುಮಾರ ಯೊಹಾನ್. ಅವನು 1602ರಲ್ಲಿ ಮಾಸ್ಕೋಗೆ ಬಂದವನೇ ಕಾಯಿಲೆಬಿದ್ದು ಸತ್ತ.

ನಾಣ್ಯಪೆಟ್ಟಿಗೆ:
ನಾಣ್ಯದ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ಇಂಥ ಕಾಲರೇಖೆಗಳಲ್ಲಿ ಎಲ್ಲರೂ ಧರ್ಮ, ಯುದ್ಧ ಬರೆಯುತ್ತಾರೆ. ಸಂಬಳ ಯಾರು ಕೊಟ್ಟರು ಎಂದು ಬರೆಯುವುದೇ ಇಲ್ಲ.

ವ್ಲಾದಿಸ್ಲಾವ್ ಕಾಲಿಡದಿದ್ದರೂ ಅವನ ಹೆಸರಿನ ನಾಣ್ಯ ಮಾಸ್ಕೋದಲ್ಲಿ ಅಚ್ಚಾಯಿತು. ಬೆರಳ ಉಗುರಿನಷ್ಟಗಲದ ಬೆಳ್ಳಿಯ ಕೊಪೆಕ್ ಮೇಲೆ ‘ತ್ಸಾರ್ ಮತ್ತು ಮಹಾರಾಜ ವ್ಲಾದಿಸ್ಲಾವ್ ಝಿಗಿಮೊಂತೊವಿಚ್’ ಎಂದಿದೆ. ಒಪ್ಪಂದ ಕಾಗದದ ಮೇಲಷ್ಟೇ ಇರಲಿಲ್ಲ, ಸರ್ಕಾರಿ ಯಂತ್ರ ಅವನ ಹೆಸರಲ್ಲಿ ತಿರುಗತೊಡಗಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಇನ್ನೊಂದು ಬದಿ ನೋಡಿ. 1612ರಲ್ಲಿ ಯಾರೊಸ್ಲಾವ್ಲ್‌ನಲ್ಲಿ ಮೀನಿನ್, ಪೊಝಾರ್‌ಸ್ಕಿ ಪೋಲರನ್ನು ಮಾಸ್ಕೋದಿಂದ ಓಡಿಸಲು ಕಟ್ಟಿದ ದಂಡು ತನ್ನದೇ ಟಂಕಸಾಲೆ ತೆರೆಯಿತು. ಯಾರ ಹೆಸರಲ್ಲಿ ಅಚ್ಚು ಹಾಕುವುದು? ತ್ಸಾರ್ ಇಲ್ಲ. ಹದಿನಾಲ್ಕು ವರ್ಷದ ಹಿಂದೆ ಸತ್ತ ಫ್ಯೋದೊರ್ ಇವಾನೊವಿಚ್ ಹೆಸರನ್ನೇ ಹಾಕಿದರು, ಏಕೆಂದರೆ ಯಾರೂ ತಕರಾರು ತೆಗೆಯದ ಕೊನೆಯ ತ್ಸಾರ್ ಅವನೇ. ತೂಕ ಮಾತ್ರ ಇಳಿಸಿದರು. ಮೊದಲು ಸುಮಾರು 204 ಗ್ರಾಂ ಬೆಳ್ಳಿಗೆ 300 ಕೊಪೆಕ್, ಒಂದಕ್ಕೆ 0.68 ಗ್ರಾಂ. ದಂಡಿನವರು ಅಷ್ಟೇ ಬೆಳ್ಳಿಯಿಂದ 400 ತೆಗೆದರು, 0.51 ಗ್ರಾಂ. ಅದೇ ಬೆಳ್ಳಿಯಲ್ಲಿ ಮೂರನೇ ಒಂದು ಪಾಲು ಹೆಚ್ಚು ಜನಕ್ಕೆ ಸಂಬಳ.

ಸಂಬಳ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕ್ಲೂಶಿನೊ ಇದೆ. 1610ರ ಜೂನ್ 24ರಂದು ಝೋಲ್ಕೆವ್‌ಸ್ಕಿಯ ಆರೇಳು ಸಾವಿರ ಜನ ಸುಮಾರು 30,000ದ ರಷ್ಯನ್–ಸ್ವೀಡಿಷ್ ದಂಡನ್ನು ಸೋಲಿಸಿದರು. ಹುಸಾರ್‌ಗಳ ಕುದುರೆಸವಾರಿ ಒಂದು ಕಾರಣ. ಇನ್ನೊಂದು, ದಮ್ಮಡಿ ಕೈಗೆ ಬಾರದ ವಿದೇಶಿ ಕೂಲಿ ಸೈನಿಕರು ಯುದ್ಧದ ನಡುವೆಯೇ ಎದುರಾಳಿಯ ಜೊತೆ ಮಾತುಕತೆಗೆ ಕೂತದ್ದು. ಕ್ರೆಮ್ಲಿನ್‌ನಲ್ಲಿ ಕೂತ ಪೋಲಿಷ್ ಪಹರೆಗೂ ರಾಜ ಹಣ ಕಳಿಸಲಿಲ್ಲ. ಅವರು ತ್ಸಾರ್‌ಗಳ ಭಂಡಾರದಿಂದ ಕಿರೀಟಗಳನ್ನೇ ಅಡವಾಗಿ ತೆಗೆದುಕೊಂಡರು.

ಆದ್ದರಿಂದ ಕಾಲರೇಖೆ ಅವರೇ, ನಿಮ್ಮ ತ್ಸಾರ್ ಅಕ್ಟೋಬರ್‌ನಲ್ಲಿ ಬಂದ ದಿನ ಖಜಾನೆ ಖಾಲಿ. 1601–03ರ ಬರಗಾಲದಿಂದ ಹಳ್ಳಿಗಳು ಇನ್ನೂ ಎದ್ದಿಲ್ಲ. ಪೋಲಿಷ್ ಪಹರೆಗೆ ಸಂಬಳ ಕೊಟ್ಟರೆ ಬೊಯಾರರು ಮುನಿಯುತ್ತಾರೆ, ಕೊಡದಿದ್ದರೆ ಪಹರೆ ಊರು ಲೂಟಿ ಮಾಡುತ್ತದೆ. 1611ರ ಮಾರ್ಚ್ 19ರಂದು ಮಾಸ್ಕೋ ದಂಗೆಯೆದ್ದು ಊರು ಸುಟ್ಟದ್ದಕ್ಕೆ ತ್ಸಾರ್ ಇಲ್ಲದ್ದೊಂದೇ ಕಾರಣವಲ್ಲ.

ಕಾಲರೇಖೆ:
ಹಣದ ಲೆಕ್ಕ ಸೇರಿಸುತ್ತೇನೆ. ಹಾಗಾದರೆ ಪೋಲಿಷ್ ದಾರಿ ಬಿಟ್ಟು ಕಾರ್ಲ್ ಫಿಲಿಪ್‌ನನ್ನೇ ಹಿಡಿದರೆ? ಅವನ ಕಡೆ ಸೈನ್ಯ ನೊವ್ಗೊರೊದ್‌ನಲ್ಲೇ ಕೂತಿತ್ತು.

ಎರಡುತಲೆಹದ್ದು:
ಅದು ಇನ್ನೂ ವಾಸಿ, ಯಾಕೆಂದರೆ ಮಾಸ್ಕೋ ಕಡೆಯವರೇ ಕೇಳುತ್ತಿದ್ದರು. ಕ್ರಮ ಹೀಗಿದೆ. 1609ರ ಫೆಬ್ರವರಿಯಲ್ಲಿ ಶೂಯ್‌ಸ್ಕಿ ಸ್ವೀಡನ್ ಜೊತೆ ವಿಬೋರ್ಗ್ ಒಪ್ಪಂದ ಮಾಡಿಕೊಂಡು, ಸೈನ್ಯಕ್ಕೆ ಪ್ರತಿಯಾಗಿ ಕೊರೆಲಾ ಕೋಟೆ ಕೊಡುತ್ತೇನೆ ಅಂದ. ಕ್ಲೂಶಿನೊ ಸೋಲಿನ ಬಳಿಕ ಸ್ವೀಡಿಷ್ ಸೇನಾನಿ ಯಾಕೋಬ್ ಡೆ ಲಾ ಗಾರ್ಡಿ ಉತ್ತರಕ್ಕೆ ಸರಿದು 1611ರ ಜುಲೈ 16ರಂದು ನೊವ್ಗೊರೊದ್ ಹಿಡಿದ. ಊರಿನವರು ಸ್ವೀಡನ್ ರಾಜನ ಇಬ್ಬರು ಮಕ್ಕಳಲ್ಲಿ ಒಬ್ಬನನ್ನು ಒಡೆಯನಾಗಿ ಒಪ್ಪುವುದಾಗಿ ಬರೆದುಕೊಟ್ಟರು. 1612ರ ಬೇಸಿಗೆಯಲ್ಲಿ ಪೊಝಾರ್‌ಸ್ಕಿ ಯಾರೊಸ್ಲಾವ್ಲ್‌ನಿಂದ ನೊವ್ಗೊರೊದ್ ಜೊತೆ ಮಾತುಕತೆ ನಡೆಸಿದ. ಶರತ್ತು: ರಾಜಕುಮಾರ ನೊವ್ಗೊರೊದ್‌ಗೆ ಬರಬೇಕು, ಆರ್ಥೊಡಾಕ್ಸ್ ಆಗಬೇಕು.

ಪೊಝಾರ್‌ಸ್ಕಿಗೆ ಇದು ನಿಜವಾಗಿ ಬೇಕಿತ್ತೇ, ಇಲ್ಲ ಬೆನ್ನ ಹಿಂದೆ ಸ್ವೀಡಿಷರು ಸುಮ್ಮನಿರಲಿ ಎಂಬ ಉಪಾಯವೇ ಎಂದು ವಿದ್ವಾಂಸರು ಇಂದಿಗೂ ಕಿತ್ತಾಡುತ್ತಾರೆ. ಎರಡೂ ಇತ್ತು ಅನ್ನುವುದು ನನ್ನ ಪಕ್ಷ.

ಎಡವಿದ್ದು ಸ್ಟಾಕ್‌ಹೋಮ್‌ನಲ್ಲಿ. ಒಂಬತ್ತನೇ ಕಾರ್ಲ್ 1611ರ ಅಕ್ಟೋಬರ್‌ನಲ್ಲಿ ಸತ್ತ. ದೊಡ್ಡ ಮಗ ಗುಸ್ತಾವ್ ಅಡಾಲ್ಫ್‌ಗೆ ಆಗ ಹದಿನೇಳೂ ತುಂಬಿರಲಿಲ್ಲ, ತಲೆಯ ಮೇಲೆ ಡೆನ್ಮಾರ್ಕ್ ಜೊತೆಗಿನ ಯುದ್ಧ. ತಾಯಿ ಕ್ರಿಸ್ಟಿನಾಗೆ ಹನ್ನೊಂದರ ಮಗನನ್ನು ಆ ಬೆಂಕಿಗೆ ಕಳಿಸಲು ಮನಸ್ಸಿಲ್ಲ. ಕಾರ್ಲ್ ಫಿಲಿಪ್ ವಿಬೋರ್ಗ್ ಮುಟ್ಟಿದ್ದು 1613ರ ಜುಲೈನಲ್ಲಿ. ಅದೇ ತಿಂಗಳ 11ಕ್ಕೆ ಮಾಸ್ಕೋದಲ್ಲಿ ಮಿಖಾಯಿಲ್ ರೊಮಾನೊವ್‌ನ ಪಟ್ಟಾಭಿಷೇಕ ಮುಗಿಯಿತು.

ಈ ತಿರುವಿನ ಅನುಕೂಲ ಅಂದರೆ ಒಂದೇ ವರ್ಷ ಹಿಂದಕ್ಕೆ ಎಳೆದರೆ ಸಾಕು, 1612ರ ಜುಲೈ. ಅನನುಕೂಲ ಎಂದರೆ ಕಾರ್ಲ್ ಫಿಲಿಪ್ 1622ರ ಜನವರಿಯಲ್ಲಿ ನಾರ್ವಾದಲ್ಲಿ ಇಪ್ಪತ್ತಕ್ಕೇ ಸತ್ತ. ಗುಟ್ಟಾಗಿ ಮದುವೆಯಾಗಿದ್ದ, ಅವನು ಸತ್ತ ಮೇಲೆ ಒಂದು ಹೆಣ್ಣುಮಗು ಹುಟ್ಟಿತು. ಮಾಸ್ಕೋದಲ್ಲಿದ್ದರೆ ಬೇರೆ ಹೆಂಡತಿ, ಬೇರೆ ಆಯುಸ್ಸು ಎನ್ನಬಹುದು. ಆದರೆ ಅಷ್ಟು ಸ್ವಾತಂತ್ರ್ಯ ತೆಗೆದುಕೊಳ್ಳುವುದಾದರೆ ಸಿಗಿಸ್ಮಂಡನ ಜ್ವರವನ್ನು ಯಾಕೆ ಬೈದೆವು?

ಮಲೆನಾಡಿಗ:
ಇವೆಲ್ಲಕ್ಕಿಂತ ಚಿಕ್ಕ ತಿರುವು ಸ್ಕೋಪಿನ್ ಅಲ್ಲವೇ? ಮಿಖಾಯಿಲ್ ಸ್ಕೋಪಿನ್‌–ಶೂಯ್‌ಸ್ಕಿ 1610ರ ಏಪ್ರಿಲ್ 23ರಂದು ಸಾಯದಿದ್ದರೆ ಸಾಕು.

ಶಾಸನಪ್ರಿಯ:
ಖಂಡಿತ ಚಿಕ್ಕದು. ಇಪ್ಪತ್ಮೂರರ ಸೇನಾನಿ. ಹದಿನಾರು ತಿಂಗಳು ಮುತ್ತಿಗೆಯಲ್ಲಿದ್ದ ಟ್ರಿನಿಟಿ ಮಠವನ್ನು 1610ರ ಜನವರಿಯಲ್ಲಿ ಬಿಡಿಸಿದ, ಮಾರ್ಚ್‌ನಲ್ಲಿ ಜಯಘೋಷದ ನಡುವೆ ಮಾಸ್ಕೋಗೆ ಬಂದ, ವೊರೊತಿನ್‌ಸ್ಕಿ ಮನೆಯ ನಾಮಕರಣದ ಊಟದಲ್ಲಿ ಕಾಯಿಲೆಬಿದ್ದ. ತ್ಸಾರ್‌ನ ತಮ್ಮ ದ್ಮಿತ್ರಿ ಶೂಯ್‌ಸ್ಕಿಯ ಹೆಂಡತಿ ವಿಷ ಹಾಕಿದಳು ಎಂದು ಊರೆಲ್ಲ ಆಡಿಕೊಂಡಿತು. ಆ ದ್ಮಿತ್ರಿಯೇ ಕ್ಲೂಶಿನೊದಲ್ಲಿ ದಂಡನಾಯಕನಾಗಿ ಸೋತದ್ದು.

ಸ್ಕೋಪಿನ್ ಉಳಿದರೆ ಕ್ಲೂಶಿನೊ ಹೀಗಾಗುವುದಿಲ್ಲ, ವಸೀಲಿ ಇಳಿಯುವುದಿಲ್ಲ, ಗಂಡುಮಕ್ಕಳಿಲ್ಲದ ಅವನ ನಂತರ ಸ್ಕೋಪಿನ್. ಶೂಯ್‌ಸ್ಕಿಗಳದ್ದು ರೂರಿಕ್ ವಂಶದ್ದೇ ಸುಜ್ದಾಲ್ ಶಾಖೆ, ಅದು ಮುಂದುವರಿಯುತ್ತದೆ. ಒಂದೇ ತೊಡಕು: ಹಾಗಾದರೆ ಪೈಪೋಟಿಯ ವಂಶಗಳೇ ಕಣಕ್ಕೆ ಬರುವುದಿಲ್ಲ, ಈ ಎಳೆಗೆ ವಿಷಯವೇ ಇರುವುದಿಲ್ಲ. ಅದನ್ನು ಬೇರೆ ಎಳೆಯಲ್ಲಿ ಹಾಕಿ.

ಹಾಗೆಯೇ ಮಿಖಾಯಿಲ್ ರೊಮಾನೊವ್ ಬಗ್ಗೆ ಒಂದು ಮಾತು. 1612ರ ಮುತ್ತಿಗೆಯ ಕಾಲಕ್ಕೆ ಅವನೂ ಅವನ ತಾಯಿಯೂ ಇದ್ದದ್ದು ಕ್ರೆಮ್ಲಿನ್ ಒಳಗೆ, ಪೋಲಿಷ್ ಪಹರೆಯ ಜೊತೆ, ಜನ ಹಸಿವಿಗೆ ಮನುಷ್ಯರನ್ನೇ ತಿಂದರು ಎಂಬ ವರದಿಗಳಿರುವ ಅದೇ ಜಾಗದಲ್ಲಿ. ಅಕ್ಟೋಬರ್ ಕೊನೆಗೆ ಹೊರಬಂದರು. ರೊಮಾನೊವ್ ವಂಶ ಬೇಡ ಅನ್ನುವವರು ದೊಡ್ಡ ಯುದ್ಧ ಬದಲಿಸುವ ಅಗತ್ಯವಿಲ್ಲ, ಆ ಹುಡುಗನಿಗೆ ಆ ಚಳಿಯಲ್ಲಿ ಒಂದು ಕೆಮ್ಮು ಸಾಕು. 1613ರ ಝೆಮ್ಸ್ಕಿ ಸೊಬೋರ್ (ತ್ಸಾರ್‌ನನ್ನು ಆರಿಸಲು ಸೇರಿದ ದೇಶದ ಪ್ರತಿನಿಧಿ ಸಭೆ) ‘ಲಿಥುವೇನಿಯ, ಸ್ವೀಡನ್ ರಾಜರಾಗಲಿ ಅವರ ಮಕ್ಕಳಾಗಲಿ ಬೇಡ, ಮರೀನಾ ಮತ್ತು ಅವಳ ಮಗನೂ ಬೇಡ’ ಎಂದು ತೀರ್ಮಾನಿಸಿದ ಮೇಲೆ ಮಿಖಾಯಿಲ್ ಇಲ್ಲದಿದ್ದರೆ ಉಳಿಯುವವರು ತ್ರುಬೆತ್ಸ್‌ಕೊಯ್, ಚೆರ್ಕಾಸ್‌ಸ್ಕಿ, ಮ್ಸ್ತಿಸ್ಲಾವ್‌ಸ್ಕಿ ಥರದವರು.

ಕಾಲರೇಖೆ:
ಸರಿ, ವ್ಲಾದಿಸ್ಲಾವ್‌ಗೇ ಮರಳುತ್ತೇನೆ. ಹೊಸ ತಿರುವು: ಸ್ಮೋಲೆನ್ಸ್ಕ್ ಬೇಗ ಬೀಳುತ್ತದೆ.

1610ರ ಬೇಸಿಗೆಯಲ್ಲಿ ಸಿಗಿಸ್ಮಂಡ್‌ಗೆ ದೊಡ್ಡ ಫಿರಂಗಿಗಳು ಬಂದಿದ್ದವು, ಆಗಸ್ಟ್ 1ರ (ಪೋಲೆಂಡಿನ ಪಂಚಾಂಗದಲ್ಲಿ 11ರ) ದಾಳಿ ವಿಫಲವಾಯಿತು. ನಿಜದಲ್ಲಿ ಕೋಟೆ ಬಿದ್ದದ್ದು 1611ರ ಜೂನ್‌ನಲ್ಲಿ. ಒಳಗಿಂದ ಓಡಿಬಂದವನೊಬ್ಬ ಗೋಡೆಯ ದುರ್ಬಲ ಜಾಗ ತೋರಿಸಿದ, ಚರಂಡಿಯ ಬಾಯಲ್ಲಿ ಮದ್ದು ತುಂಬಿ ಸಿಡಿಸಿದರು. ನನ್ನ ಕಾಲರೇಖೆಯಲ್ಲಿ ಆ ಮನುಷ್ಯ ಹತ್ತು ತಿಂಗಳು ಮೊದಲೇ ಓಡಿಬರುತ್ತಾನೆ. ಆರೂವರೆ ಕಿಲೋಮೀಟರ್ ಸುತ್ತಳತೆಯ, 38 ಬುರುಜುಗಳ ಕೋಟೆ ಆಗಸ್ಟ್ ಮೊದಲ ವಾರ ಸಿಗಿಸ್ಮಂಡನ ಕೈಗೆ. ಸಂಸತ್ತಿಗೆ ತೋರಿಸಲು ಅವನಿಗೆ ಬೇಕಿದ್ದ ಗೆಲುವು ಸಿಕ್ಕಿತು, ಇನ್ನು ಮಗನನ್ನು ಬಿಡಬಹುದು.

ಎರಡುತಲೆಹದ್ದು:
ತದ್ವಿರುದ್ಧವೂ ಆಗಬಹುದು. ಸ್ಮೋಲೆನ್ಸ್ಕ್ ಸಿಕ್ಕ ರಾಜ ಇನ್ನೂ ಉಬ್ಬುತ್ತಾನೆ, ಮಾಸ್ಕೋಗೆ ತಾನೇ ಹೊರಡುತ್ತಾನೆ. ಅಲ್ಲಿಂದ ಮಾಸ್ಕೋ ಸುಮಾರು 400 ಕಿಲೋಮೀಟರ್, ಚಳಿಗಾಲದೊಳಗೆ ಮುಟ್ಟಬಹುದು.

ಶಾಸನಪ್ರಿಯ:
ಉಬ್ಬುತ್ತಾನೆ, ನಿಜ. ಆದರೆ ದುಡ್ಡು? ಅದಕ್ಕೆ ಸಂಸತ್ತಿಗೇ ಹೋಗಬೇಕು. ಸಿಗಿಸ್ಮಂಡ್ ನಿರಂಕುಶನಾಗಲು ಹೊರಟಿದ್ದಾನೆ ಎಂದು 1606ರಲ್ಲಿ ಝೆಬ್ಜಿಡೊವ್‌ಸ್ಕಿ ನೇತೃತ್ವದಲ್ಲಿ ಬಂಡೆದ್ದ ಕುಲೀನರೇ ಆ ಸಂಸತ್ತಿನಲ್ಲಿ ಕೂತಿರುವುದು. ಮಾಸ್ಕೋದ ನಿರಂಕುಶ ಕಿರೀಟ ತಮ್ಮ ರಾಜನ ತಲೆಗೇ ಬರಲಿ ಎಂದು ಅವರು ತೆರಿಗೆ ಒಪ್ಪುತ್ತಾರೆಯೇ? ಮಗ ಬೇರೆ, ಕಿರೀಟ ಬೇರೆ, ದೇಶ ಬೇರೆ ಎಂದಿದ್ದರೆ ಒಪ್ಪಿಯಾರು. ಝೋಲ್ಕೆವ್‌ಸ್ಕಿಯ ವಾದಕ್ಕೆ ಬಲ ಬರುವುದು ಇಲ್ಲಿಂದ. ಒತ್ತಡ ರಾಜನ ಮೇಲೆ ಮಾಸ್ಕೋದಿಂದ ಬರುವ ಬದಲು ವಾರ್ಸಾದಿಂದ ಬರುವಂತೆ ಬರೆಯಿರಿ.

ಬೊಯಾರರ ಕಡೆಯಿಂದಲೂ ಇದು ನಿಲ್ಲುತ್ತದೆ. ಸ್ಮೋಲೆನ್ಸ್ಕ್ ಹೋಯಿತೆಂದು ಸಿಟ್ಟಿದ್ದರೂ ಸಹಿ ಹಾಕುತ್ತಾರೆ, ಯಾಕೆಂದರೆ ಎರಡನೇ ನಕಲಿ ದ್ಮಿತ್ರಿ ಆಗ ಊರ ಅಂಚಿನ ಕೊಲೊಮೆನ್‌ಸ್ಕೊಯೆಯಲ್ಲಿ ಕೊಸಾಕ್‌ರ ಜೊತೆ ಕಾದು ಕೂತಿದ್ದ. ತಮ್ಮ ಆಳುಗಳೇ ಅವನಿಗೆ ಬಾಗಿಲು ತೆರೆದಾರು ಎಂಬ ಭಯ ಪೋಲರ ಭಯಕ್ಕಿಂತ ದೊಡ್ಡದು. ಅವನು ಡಿಸೆಂಬರ್ 11ಕ್ಕೆ ಕಲೂಗದಲ್ಲಿ ಕೊಲೆಯಾದ ಮೇಲೆ ಬೊಯಾರರಿಗೆ ಆ ಭಯ ಹೋಗುತ್ತದೆ, ವ್ಲಾದಿಸ್ಲಾವ್‌ನ ಬೆಲೆಯೂ ಇಳಿಯುತ್ತದೆ. ಹುಡುಗ ಬರುವುದಿದ್ದರೆ ಅಷ್ಟರೊಳಗೆ ಬರಬೇಕು.

ದಿನಾಂಕಗಳ ವಿಷಯದಲ್ಲಿ ಎಚ್ಚರ. ರಷ್ಯಾದ ಹಳೆಯ ಪಂಚಾಂಗ ಪೋಲೆಂಡಿಗಿಂತ 10 ದಿನ ಹಿಂದೆ: ಮಾಸ್ಕೋದ ಆಗಸ್ಟ್ 17 ಪೋಲೆಂಡಿಗೆ 27. ವರ್ಷವೂ ಅಲ್ಲಿ ಸೆಪ್ಟೆಂಬರ್ 1ಕ್ಕೆ ಬದಲಾಗುತ್ತಿತ್ತು, ಎಣಿಕೆ ಸೃಷ್ಟಿಯಿಂದ. ಆಗಸ್ಟ್ ಒಪ್ಪಂದ 7118ರದ್ದು. ಒಂದು ತಿಂಗಳ ಬಳಿಕ ಸೆಪ್ಟೆಂಬರ್ 20ರ ರಾತ್ರಿ ಪೋಲಿಷ್ ಪಹರೆ ಕ್ರೆಮ್ಲಿನ್ ಹೊಕ್ಕದ್ದು 7119ರಲ್ಲಿ. ನಿಮ್ಮ ಕಾಲ್ಪನಿಕ ಪತ್ರಗಳಿಗೆ ಇದನ್ನು ತಪ್ಪಾಗಿ ಹಾಕಿದರೆ ಒಪ್ಪಂದಕ್ಕೂ ಪ್ರವೇಶಕ್ಕೂ ವರ್ಷದ ಅಂತರ ಬಂದುಬಿಡುತ್ತದೆ.

ನಾಣ್ಯಪೆಟ್ಟಿಗೆ:
ಬೆಲೆ ಅಂದಿರಿ, ಅದಕ್ಕೊಂದು ನಿಜ ಅಂಕಿಯೇ ಇದೆ. 1634ರ ಪೊಲ್ಯಾನೊವ್ಕಾ ಒಪ್ಪಂದದಲ್ಲಿ ವ್ಲಾದಿಸ್ಲಾವ್ ತ್ಸಾರ್ ಎಂಬ ಬಿರುದನ್ನು ಬಿಟ್ಟುಕೊಟ್ಟದ್ದು 20,000 ರೂಬಲ್‌ಗೆ. 1617ರ ಸ್ತೊಲ್ಬೊವೊ ಒಪ್ಪಂದದಲ್ಲಿ ಸ್ವೀಡನ್ ನೊವ್ಗೊರೊದ್ ಮರಳಿಸಿದಾಗ, ಕಾರ್ಲ್ ಫಿಲಿಪ್‌ನ ಹಕ್ಕೂ ಬಿದ್ದುಹೋದಾಗ, ರಷ್ಯಾ ಕೊಟ್ಟದ್ದೂ 20,000 ರೂಬಲ್, ಜೊತೆಗೆ ಇಂಗ್ರಿಯಾ ಮತ್ತು ಕೊರೆಲಾ, ಅಂದರೆ ಬಾಲ್ಟಿಕ್ ಸಮುದ್ರದ ದಾರಿ. ಬಿರುದಿನ ದರ ಒಂದೇ, ಸ್ವೀಡನ್ ಮಾತ್ರ ಬಡ್ಡಿ ಚೆನ್ನಾಗಿ ವಸೂಲಿ ಮಾಡಿತು. 1610ರ ಮೂಲ ಆಯ್ಕೆಪತ್ರ ಹಿಂತಿರುಗಿಸಿ ಎಂದು ರಷ್ಯನ್ನರು ಕೇಳಿದ್ದಕ್ಕೆ ಪೋಲರು ‘ಎಲ್ಲೂ ಸಿಗುತ್ತಿಲ್ಲ’ ಎಂದುಬಿಟ್ಟರು.

ಮಲೆನಾಡಿಗ:
ಹಾಗಾದರೆ ಈ ಹೊಸ ಕಾಲರೇಖೆಯಲ್ಲಿ ವಾಸಾ ತ್ಸಾರ್‌ಗಳು ಎಷ್ಟು ಕಾಲ ಬಾಳುತ್ತಾರೆ?

ಎರಡುತಲೆಹದ್ದು:
ನಿಜ ಇತಿಹಾಸದ ಆಯುಸ್ಸನ್ನೇ ಹಿಡಿದರೆ ಬಹಳ ಕಡಿಮೆ. ವ್ಲಾದಿಸ್ಲಾವ್‌ನ ಒಬ್ಬನೇ ಔರಸ ಮಗ ಏಳನೇ ವಯಸ್ಸಿಗೆ 1647ರಲ್ಲಿ ಸತ್ತ, ಮರುವರ್ಷ ಅವನೂ. ತಮ್ಮ ಯಾನ್ ಕಝೀಮಿರ್ 1668ರಲ್ಲಿ ಪಟ್ಟ ಬಿಟ್ಟು 1672ರಲ್ಲಿ ತೀರಿಕೊಂಡ, ಅಲ್ಲಿಗೆ ಆ ಮನೆ ಮುಗಿಯಿತು. ಮಾಸ್ಕೋದಲ್ಲಿ ಬೊಯಾರರ ಮನೆಯ ಹೆಣ್ಣನ್ನು ಇಪ್ಪತ್ತರೊಳಗೆ ಮದುವೆಯಾದರೆ ಮಕ್ಕಳ ಲೆಕ್ಕ ಪೂರ್ತಿ ಬದಲಾಗುತ್ತದೆ. ಆ ಹೆಣ್ಣು ಯಾವ ಮನೆಯವಳು ಎಂಬುದೇ ಮುಂದಿನ ಜಗಳ. ರೊಮಾನೊವ್‌ಗಳು ಮೇಲೆ ಬಂದದ್ದು ಫ್ಯೋದೊರ್‌ನ ಅಪ್ಪ ನಾಲ್ಕನೇ ಇವಾನನ ಮೊದಲ ಹೆಂಡತಿ ಅನಸ್ತಾಸಿಯಾ ಅವರ ಮನೆಯವಳು ಎಂಬ ಕಾರಣಕ್ಕೆ, ಗೊದುನೊವ್‌ಗಳು ಬಂದದ್ದು ಫ್ಯೋದೊರ್‌ನ ಹೆಂಡತಿ ಇರೀನಾ ದೆಸೆಯಿಂದ. ಬೀಗತನದ ಮನೆಗೇ ಅಲ್ಲಿ ಅಧಿಕಾರ ಹೋಗುವುದು. ಕರಡಿನಲ್ಲಿ 1615ರ ಹೊತ್ತಿಗೆ ಮದುವೆಯ ಒಂದು ಅಧ್ಯಾಯ ಇರಲೇಬೇಕು.

ಕಾಲರೇಖೆ:
ತಿದ್ದಿದ ಕರಡು:

ಆಗಸ್ಟ್ 1610 ಮೊದಲ ವಾರ: ಸ್ಮೋಲೆನ್ಸ್ಕ್ ಪತನ, ಸೇನಾನಿ ಮಿಖಾಯಿಲ್ ಶೇಯಿನ್ ಸೆರೆ.
ಆಗಸ್ಟ್ 17: ಒಪ್ಪಂದ. ಮುತ್ತಿಗೆ ತೆಗೆಯುವ ಅಂಶದ ಬದಲು ‘ಸ್ಮೋಲೆನ್ಸ್ಕ್ ವಿಷಯ ಮುಂದೆ ಮಾತಾಡುವುದು’.
ಸೆಪ್ಟೆಂಬರ್–ಅಕ್ಟೋಬರ್: ಹಣಕ್ಕಾಗಿ ಸಂಸತ್ತು ಕರೆದ ಸಿಗಿಸ್ಮಂಡ್‌ಗೆ ಅಲ್ಲಿ ತಡೆ.
ನವೆಂಬರ್: ಸ್ಮೋಲೆನ್ಸ್ಕ್‌ನಲ್ಲಿ ಫಿಲರೇತ್‌ನಿಂದ ದೀಕ್ಷೆ, ಪೂರ್ತಿ ಮುಳುಗಿಸಿ. ರೋಮ್‌ನ ಪ್ರತಿಭಟನೆ.
ಡಿಸೆಂಬರ್ ಆರಂಭ: ಮಾಸ್ಕೋ ಪ್ರವೇಶ. ಪೋಲಿಷ್ ಪಹರೆ ಮೊಝೈಸ್ಕ್‌ಗೆ ವಾಪಸು, ಸಂಬಳ ಮಠಗಳಿಂದ ಸಾಲ ಎತ್ತಿ.
1611–17: ಡೆ ಲಾ ಗಾರ್ಡಿ ನೊವ್ಗೊರೊದ್ ಹಿಡಿಯುತ್ತಾನೆ, ಅಲ್ಲಿ ಕಾರ್ಲ್ ಫಿಲಿಪ್ ಎದುರು–ತ್ಸಾರ್. ವಾಸಾ ವಿರುದ್ಧ ವಾಸಾ.
1632: ಪೋಲೆಂಡಿಗೆ ಯಾನ್ ಕಝೀಮಿರ್. ಸ್ಮೋಲೆನ್ಸ್ಕ್ ಮರಳಿ ಬೇಕೆಂದು ಬೊಯಾರರ ಒತ್ತಡ. ತ್ಸಾರ್ ವ್ಲಾದಿಸ್ಲಾವ್ ಮಲತಮ್ಮನ ಕೋಟೆಗೆ ಮುತ್ತಿಗೆ ಹಾಕುತ್ತಾನೆ.

ಶಾಸನಪ್ರಿಯ:
ನವೆಂಬರ್ ತಡ, ಸಂಸತ್ತು ಸೇರಲು ಕರೆಯೋಲೆ, ಪ್ರಾಂತೀಯ ಸಭೆಗಳು ಎಲ್ಲ ಸೇರಿ ತಿಂಗಳುಗಳೇ ಬೇಕು. ಸಂಸತ್ತಿನ ಬದಲು ಶಿಬಿರದಲ್ಲೇ ಇರುವ ಸೆನೆಟರ್‌ಗಳ ಸಭೆ ಎಂದು ಬದಲಿಸಿ, ದಿನಗಳಲ್ಲಿ ಮುಗಿಯುತ್ತದೆ. ಮಠಗಳ ಸಾಲವೂ ಕಷ್ಟ: ಟ್ರಿನಿಟಿ ಮಠ ಆಗಷ್ಟೇ ಹದಿನಾರು ತಿಂಗಳ ಮುತ್ತಿಗೆಯಿಂದ ಎದ್ದಿದೆ, ಶೂಯ್‌ಸ್ಕಿ ಆಗಲೇ ಅವರ ಹಣ ಎತ್ತಿದ್ದ. ಉತ್ತರದ ಸ್ತ್ರೊಗನೊವ್ ಉಪ್ಪಿನ ವರ್ತಕರನ್ನು ಹಿಡಿಯಿರಿ, ಮಿಖಾಯಿಲ್‌ನ ಸರ್ಕಾರವೂ 1613ರಲ್ಲಿ ಮೊದಲು ಕೈಚಾಚಿದ್ದು ಅವರ ಕಡೆಗೇ.

ಎರಡುತಲೆಹದ್ದು:
1632ರ ಸಾಲು ಈಗ ನಿಲ್ಲುತ್ತದೆ. ಆದರೆ ಶೇಯಿನ್‌ನನ್ನು ಮರೆಯಬೇಡಿ. ನಿಜದಲ್ಲಿ ಅವನು 1609–11ರಲ್ಲಿ ಸ್ಮೋಲೆನ್ಸ್ಕ್ ಕಾದು ಸೆರೆಯಾದ, ಪೋಲೆಂಡ್–ರಷ್ಯಾ ನಡುವಿನ ದೆಉಲಿನೊ ಕದನವಿರಾಮದ ಮೇಲೆ 1619ರಲ್ಲಿ ಫಿಲರೇತ್ ಜೊತೆ ಬಿಡುಗಡೆಯಾದ, 1632ರಲ್ಲಿ ಅದೇ ಕೋಟೆಗೆ ರಷ್ಯಾದ ಪರವಾಗಿ ಮುತ್ತಿಗೆ ಹಾಕಿದ, ರಾಜ ವ್ಲಾದಿಸ್ಲಾವ್ ಬಂದು ಸುತ್ತುವರಿದಾಗ 1634ರ ಫೆಬ್ರವರಿಯಲ್ಲಿ ಶರಣಾದ, ಅದಕ್ಕಾಗಿ ಮಾಸ್ಕೋದಲ್ಲಿ ತಲೆ ಕಳಕೊಂಡ. ನಿಮ್ಮ ಕಾಲರೇಖೆಯಲ್ಲಿ ಅವನು 1610ರ ಆಗಸ್ಟ್‌ನಲ್ಲೇ ಸೆರೆ, ಹೊಸ ತ್ಸಾರ್‌ನ ಅಪ್ಪನ ಸೆರೆಮನೆಯಲ್ಲಿ. ಪಟ್ಟಾಭಿಷೇಕಕ್ಕೆ ಮೊದಲು ಅವನನ್ನು ಬಿಡಿಸಿ ತರುವ ಶರತ್ತನ್ನು ಫಿಲರೇತ್ ಬಾಯಲ್ಲಿ ಹೇಳಿಸಿ. ಬಿಡಿಸದಿದ್ದರೆ 1632ಕ್ಕೆ ಮುತ್ತಿಗೆಯ ಫಿರಂಗಿಗಳನ್ನು ಯಾರ ಕೈಗೆ ಕೊಡುತ್ತೀರಿ?

ಕಾಲರೇಖೆ:
ಸೆನೆಟರ್ ಸಭೆ, ಸ್ತ್ರೊಗನೊವ್ ಸಾಲ, ಶೇಯಿನ್ ಬಿಡುಗಡೆ ಮೂರೂ ಸೇರಿಸಿದೆ. ದೀಕ್ಷೆಯನ್ನು ಅಕ್ಟೋಬರ್ ಕೊನೆಗೆ ತಂದೆ. ಮದುವೆಯ ಅಧ್ಯಾಯಕ್ಕೆ ಮ್ಸ್ತಿಸ್ಲಾವ್‌ಸ್ಕಿ ಮನೆಯನ್ನು ನೋಡುತ್ತಿದ್ದೇನೆ.